ಆ ಒದೆಯನ್ನು ಯಾಕೆ ತೆಗೆದಿರಿ?

ನಮಸ್ಕಾರ.

ಇಂಗ್ಲೆಂಡಿನ ಲೀಡ್ಸ್ ಯುನೈಟೆಡ್ ಫುಟ್‌ಬಾಲ್ ತಂಡದ ಡಿಫೆಂಡರ್ ಆಗಿದ್ದ ನಾರ್ಮನ್ ಹಂಟರ್ ಬಗ್ಗೆ ನೀವು ಕಳಿಸಿದ ಲೇಖನವನ್ನು ಎರಡು ಸಲ ಓದಿದೆ. ಈಗಿರುವ ಹಾಗೆ ಹಾಕಲು ಆಗುವುದಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಪತ್ರದ ಕೊನೆಯವರೆಗೆ ನಿಮ್ಮನ್ನು ಕಾಯಿಸುವುದು ಬೇಡ. ಆದರೆ ಎರಡು ಸಾಲು ಬರೆದು ವಾಪಸ್ ಕಳಿಸಲೂ ಮನಸ್ಸಾಗಲಿಲ್ಲ. ಹನ್ನೊಂದನೇ ಪ್ಯಾರಾದಲ್ಲಿ ಒಂದು ಸ್ಕಾರ್ಫ್ ಬರುತ್ತದೆ. ಈ ಉದ್ದದ ಉತ್ತರ ಅದರ ದೆಸೆಯಿಂದ. ನೀವು ಒಪ್ಪಿದ್ದೀರಿ ಅಂತ, ಹೆಸರು ಬಿಟ್ಟು ಇದನ್ನು ಬೇರೆ ಹೊಸಬರೂ ಓದುವಂತೆ ಹಾಕುತ್ತಿದ್ದೇನೆ.

ಶೀರ್ಷಿಕೆಯಿಂದಲೇ ಶುರು ಮಾಡೋಣ. 'ಪಾದಕಂದುಕ ರಂಗದ ಮಹಾಯೋಧ ಅಸ್ತಂಗತ.' ಪಾದಕಂದುಕ ಅಂತ ನೀವು ಯಾವತ್ತಾದರೂ ಬಾಯಿಬಿಟ್ಟು ಹೇಳಿದ್ದೀರಾ? ಲೀಡ್ಸ್‌ನಲ್ಲಿ ಇಷ್ಟು ವರ್ಷದಿಂದ ಇದ್ದೀರಿ. ಊರಿಗೆ ಫೋನ್ ಮಾಡಿದಾಗ ಅಮ್ಮನ ಹತ್ತಿರ 'ಫುಟ್‌ಬಾಲ್ ನೋಡೋಕೆ ಹೋಗಿದ್ದೆ' ಅಂತ ತಾನೇ ಹೇಳುತ್ತೀರಿ? ಹಾಗೇ ಬರೆಯಿರಿ.

ಮುಂದಿನ ಮಾತು ಸ್ವಲ್ಪ ಖಾರ. ನೀವು ಸತ್ತವರ ಬಗ್ಗೆ ಕೆಟ್ಟದ್ದು ಆಡಬಾರದು ಅಂತ ಹೆದರಿಕೊಂಡಿದ್ದೀರಿ. ಅದಕ್ಕೇ ಹಂಟರ್ ನಿಮ್ಮ ಕೈಯಲ್ಲಿ ಯಾವುದೋ ಮಠದ ಸ್ವಾಮಿಗಳ ಥರ ಆಗಿದ್ದಾರೆ. 'ಹಲಸಿನ ಹಣ್ಣಿನಂತೆ ಹೊರಗೆ ಮುಳ್ಳು, ಒಳಗೆ ಸಿಹಿ' ಎಂದಿದ್ದೀರಿ. ಆ ಹಲಸು ನಮ್ಮ ಕಚೇರಿಗೆ ತಿಂಗಳಿಗೆ ಮೂರು ಬರುತ್ತದೆ, ಸೀಸನ್ ಇರಲಿ ಬಿಡಲಿ. ಕಠಿಣ ಮೇಷ್ಟ್ರು, ಸಿಡುಕಿನ ತಾತ, ರಿಟೈರ್ ಆದ ಪೊಲೀಸ್, ಎಲ್ಲರೂ ಸತ್ತ ಮೇಲೆ ಹಲಸಿನ ಹಣ್ಣೇ.

ಇವರು ಯಾಕೆ ಪ್ರಸಿದ್ಧರಾದರು ಅನ್ನುವುದನ್ನೇ ನೀವು ಮರೆಸಿದ್ದೀರಿ. ಹಂಟರ್ ಕಾಲು ಹಾಕಿದರೆ ಎದುರಿನವನು ಬೀಳುತ್ತಿದ್ದ. ಲೀಡ್ಸ್ ತಂಡದಲ್ಲಿ ಒಂದು ಹಳೇ ಜೋಕಿದೆ. ಹಂಟರ್ ಕಾಲು ಮುರಿದುಕೊಂಡು ಮನೆಗೆ ಬಂದಿದ್ದಾನಂತೆ ಅಂತ ಯಾರೋ ತಂಡದ ಟ್ರೈನರ್‌ಗೆ ಸುದ್ದಿ ಮುಟ್ಟಿಸಿದರಂತೆ. ಅವರು ಕೇಳಿದ್ದು ಒಂದೇ ಮಾತು: 'ಯಾರ ಕಾಲು?' ಇದು ನಿಮ್ಮ ಲೇಖನದಲ್ಲಿ ಇಲ್ಲ. ಗೊತ್ತಿಲ್ಲದೆ ಬಿಟ್ಟಿರಲಾರಿರಿ, ಗೌರವಕ್ಕೆ ಕುಂದು ಅಂತ ಬಿಟ್ಟಿರಬೇಕು.

ಬ್ಯಾನರ್ ವಿಷಯ ಬರೆದಿದ್ದೀರಿ, ಸಂತೋಷ. 1972ರ ಎಫ್‌ಎ ಕಪ್ ಫೈನಲ್, ವೆಂಬ್ಲಿ, ಎದುರಿಗೆ ಆರ್ಸೆನಲ್. ಲೀಡ್ಸ್ ಅಭಿಮಾನಿಗಳು ಎತ್ತಿ ಹಿಡಿದಿದ್ದ ಆ ಸಾಲನ್ನು ನೀವು ಕನ್ನಡಕ್ಕೆ ತಂದದ್ದು ಹೀಗೆ: 'ನಾರ್ಮನ್ ನಿಮ್ಮ ಪಾದಗಳನ್ನು ದಂಶಿಸುತ್ತಾನೆ.' ದಂಶಿಸುವುದಕ್ಕೆ ಅವನೇನು ನಾಗರಹಾವೇ? 'ನಾರ್ಮನ್ ಕಾಲ್ ಕಚ್ತಾನೆ', ಅಷ್ಟು ಸಾಕು. ಗೇಟಿನ ಮೇಲೆ 'ನಾಯಿ ಇದೆ ಎಚ್ಚರಿಕೆ' ಅಂತ ಬೋರ್ಡ್ ಹಾಕುತ್ತೇವಲ್ಲ, ಅದೇ ಧಾಟಿ. ಬರೆದವರು ಅವನನ್ನು ಪ್ರೀತಿಸಿದ್ದೂ ಹಾಗೇ, ನಮ್ಮ ಮನೆ ನಾಯಿ ಅನ್ನುವ ಹಾಗೆ.

ಗಮನಿಸಿದಿರಾ, ನಾನು ಬಹುವಚನದಿಂದ ಏಕವಚನಕ್ಕೆ ಜಾರಿದೆ. ನಿಮ್ಮ ಲೇಖನದಲ್ಲಿ ನನಗೆ ಜಾಸ್ತಿ ತೊಡರಿದ್ದು ಇದೇ. 'ಹಂಟರ್ ಅವರು ಎದುರಾಳಿಯವರ ಕಾಲಿಗೆ ಅಡ್ಡ ಬಂದರು' ಎಂದು ಬರೆದಿದ್ದೀರಿ. ಬಸ್ ಸ್ಟ್ಯಾಂಡಿನಲ್ಲಿ ಯಾರೋ ಹಿರಿಯರು ಅಡ್ಡ ಬಂದ ಹಾಗಿದೆ. ನಮ್ಮಲ್ಲಿ ಮೈದಾನದ ಮಾತೆಲ್ಲ ಏಕವಚನದಲ್ಲೇ ನಡೆಯುವುದು. ಚಿನ್ನಸ್ವಾಮಿ ಸ್ಟೇಡಿಯಂನಲ್ಲಿ ಕೂತವರು 'ವಿಶ್ವನಾಥ್ ಅವರು ಸ್ಕ್ವೇರ್ ಕಟ್ ಮಾಡಿದರು' ಅಂದದ್ದು ಕೇಳಿದ್ದೀರಾ? 'ವಿಶಿ ಹೊಡೆದ' ಅಂತಾರೆ. ಅದರಲ್ಲಿ ಅಗೌರವ ಇಲ್ಲ, ಸಲುಗೆ ಇದೆ. ಆಟ ಹೇಳುವಾಗ 'ಅವನು', ಆಟ ಬಿಟ್ಟ ಮೇಲಿನ ಬದುಕು ಹೇಳುವಾಗ 'ಅವರು'. ಮೈದಾನದ ಗೆರೆ ದಾಟಿದಾಗ ಕ್ರಿಯಾಪದವೂ ದಾಟಲಿ. ಕಷ್ಟ ಅನ್ನಿಸಿದರೆ ಜೋರಾಗಿ ಓದಿ ನೋಡಿ, ನಾಲಿಗೆಯೇ ಹೇಳುತ್ತದೆ.

ಇನ್ನು ಅಂಕಿ ಅಂಶ. ಲೀಡ್ಸ್ ಪರ 726 ಆಟ, 1962ರಿಂದ 1976ರವರೆಗೆ. 1969ರಲ್ಲಿ, 1974ರಲ್ಲಿ ಲೀಗ್ ಗೆಲುವು. ಇಂಗ್ಲೆಂಡ್ ಪರ 28 ಆಟ. ಎಲ್ಲ ಸರಿ ಇದೆ, ಆದರೆ ಒಂದೇ ಪ್ಯಾರಾದಲ್ಲಿ ರೇಷನ್ ಚೀಟಿಯಂತೆ ಸುರಿದಿದ್ದೀರಿ. ಬರೀ 28 ಯಾಕೆ? ಆ ಜಾಗದಲ್ಲಿ ಇಂಗ್ಲೆಂಡ್ ಕ್ಯಾಪ್ಟನ್ ಬಾಬಿ ಮೂರ್ ಇದ್ದ, ಅದಕ್ಕೆ. 1966ರ ವಿಶ್ವಕಪ್ ತಂಡದಲ್ಲಿ ಹಂಟರ್ ಇದ್ದರೂ ಒಂದು ನಿಮಿಷ ಕೂಡ ಆಡಲಿಲ್ಲ. ಆಗೆಲ್ಲ ಫೈನಲ್ ಆಡಿದ ಹನ್ನೊಂದು ಜನಕ್ಕೆ ಮಾತ್ರ ಪದಕ. ಹಂಟರ್ ಅವರ ಕೈಗೆ ಅದು ಬಂದದ್ದು 2009ರಲ್ಲಿ, 43 ವರ್ಷ ಬಿಟ್ಟು. ಇದನ್ನು ನೀವು ಅಡಿಟಿಪ್ಪಣಿಗೆ ತಳ್ಳಿದ್ದೀರಿ.

ಡರ್ಬಿ ಕೌಂಟಿ ತಂಡದ ಎದುರು ಆಡುವಾಗ ಆದ ಜಗಳ ಎಲ್ಲಿ? 1975ರ ನವೆಂಬರ್‌ನಲ್ಲಿ ಆ ತಂಡದ ಫ್ರಾನ್ಸಿಸ್ ಲೀ ಜೊತೆ ಹೊಡೆದಾಡಿಕೊಂಡದ್ದು. ಲೀ ತುಟಿ ಒಡೆಯಿತು. ರೆಫ್ರಿ ಇಬ್ಬರನ್ನೂ ಹೊರಗೆ ಕಳಿಸಿದರು, ಹೊರಗೆ ನಡೆಯುತ್ತಲೇ ಮತ್ತೆ ಗುದ್ದಾಟ ಶುರುವಾಯಿತು. ಇದನ್ನು ನೀವು ಪೂರ್ತಿ ನುಂಗಿದ್ದೀರಿ. ಸಮರ್ಥಿಸಿ ಅಂತ ನಾನು ಹೇಳುತ್ತಿಲ್ಲ. ನಡೆದದ್ದನ್ನು ನಡೆದ ಹಾಗೆ ನಾಲ್ಕು ಸಾಲಿನಲ್ಲಿ ಬರೆಯಿರಿ, ತೀರ್ಪನ್ನು ಓದುವವರು ಕೊಟ್ಟುಕೊಳ್ಳುತ್ತಾರೆ. ಇದನ್ನು ಹೇಳಿದ ಮೇಲೆ, 1974ರಲ್ಲಿ ಆಟಗಾರರ ಸಂಘ ಮೊದಲ ಸಲ ವರ್ಷದ ಆಟಗಾರ ಪ್ರಶಸ್ತಿ ಕೊಟ್ಟಾಗ ಅದು ಹೋದದ್ದು ಹಂಟರ್‌ಗೆ ಅನ್ನುವುದಕ್ಕೆ ತೂಕ ಬರುತ್ತದೆ. ಓಟು ಹಾಕಿದವರು ಯಾರು ಹೇಳಿ? ಅವನಿಂದ ಒದೆ ತಿಂದವರೇ. ನೀವು 'ಅನೇಕ ಪ್ರಶಸ್ತಿಗಳಿಗೆ ಭಾಜನರಾದರು' ಅಂತ ಬರೆದು ಆ ತಮಾಷೆಯನ್ನೇ ಸಾಯಿಸಿದಿರಿ.

ಜರ್ನೈಲ್ ಸಿಂಗ್ ಹೆಸರನ್ನು ಒಂದು ವಾಕ್ಯದಲ್ಲಿ ತಂದು ಬಿಟ್ಟಿದ್ದೀರಿ, 'ನಮ್ಮವರೇ ಆದ' ಅಂತ. 1962ರ ಜಕಾರ್ತಾ ಏಷ್ಯನ್ ಗೇಮ್ಸ್‌ನಲ್ಲಿ ತಲೆಗೆ ಹೊಲಿಗೆ ಹಾಕಿಸಿಕೊಂಡು, ಡಿಫೆಂಡರ್ ಆಗಿದ್ದವನು ಫಾರ್ವರ್ಡ್ ಆಗಿ ನಿಂತು, ಫೈನಲ್‌ನಲ್ಲಿ ದಕ್ಷಿಣ ಕೊರಿಯಾ ಮೇಲೆ ಗೋಲು ಹೊಡೆದ ಮನುಷ್ಯ ಅವನು. ಒಗ್ಗರಣೆಗೆ ಬಳಸುವ ಹೆಸರಲ್ಲ. ಇಲ್ಲಿಂದ ತೆಗೆಯಿರಿ. ಬೇರೆಯಾಗಿ ಬರೆದು ಕಳಿಸಿದರೆ ನಾನೇ ಮೊದಲು ಓದುತ್ತೇನೆ.

ಈಗ ಸ್ಕಾರ್ಫ್‌ಗೆ ಬರೋಣ.

2020ರ ಏಪ್ರಿಲ್ 17. ಕೊರೊನಾ ಬಂದು ಹಂಟರ್ ಆಸ್ಪತ್ರೆಯಲ್ಲಿ ತೀರಿಕೊಂಡರು, 76 ವರ್ಷ. ಊರೆಲ್ಲ ಲಾಕ್‌ಡೌನ್. ನಿಮ್ಮ ಪಕ್ಕದ ಮನೆಯ ತಾತ ತಮ್ಮ ಹಳೇ ಸ್ಕಾರ್ಫನ್ನು ಗೇಟಿಗೆ ಕಟ್ಟಿದರು. ನೀವು ಬೇಲಿಯ ಈ ಕಡೆ ನಿಂತು ಕೇಳಿದಿರಿ, ಅವರು ಆ ಕಡೆ ನಿಂತು ಹೇಳಿದರು. ಏನು ಹೇಳಿದರು? 1973ರ ಅಕ್ಟೋಬರ್‌ನ ಪೋಲೆಂಡ್ ಮ್ಯಾಚ್. ಬರೀ ತಪ್ಪಿನ ಕತೆ! ಹೊಗಳಿಕೆ ಒಂದೂ ಇಲ್ಲ. ಇದನ್ನು ನೀವು ಒಂದೂವರೆ ಸಾಲಿನಲ್ಲಿ ದಾಟಿ ಮತ್ತೆ ಮಹಾಯೋಧನ ಹತ್ತಿರ ಓಡಿದ್ದೀರಿ.

ಆ ರಾತ್ರಿ ಇಂಗ್ಲೆಂಡ್ ಗೆಲ್ಲಲೇಬೇಕಿತ್ತು, ಇಲ್ಲದಿದ್ದರೆ 1974ರ ವಿಶ್ವಕಪ್ ಇಲ್ಲ. ಮೂರ್ ಜಾಗದಲ್ಲಿ ಹಂಟರ್ ಇದ್ದ. ಎರಡನೇ ಅರ್ಧದಲ್ಲಿ ಅಂಚುಗೆರೆಯ ಹತ್ತಿರ ಚೆಂಡು ಅವನ ಕಡೆ ಬಂತು. ಬೇರೆ ಯಾವ ದಿನವಾದರೂ ಚೆಂಡನ್ನೂ ಮನುಷ್ಯನನ್ನೂ ಸೇರಿಸಿ ಸ್ಟ್ಯಾಂಡಿಗೆ ಎತ್ತುತ್ತಿದ್ದ. ಅವತ್ತು ಚೆಂಡು ಪಾದದಡಿ ಜಾರಿತು. ಪೋಲೆಂಡಿನ ಲಾಟೋ ಎತ್ತಿಕೊಂಡು ಓಡಿದ, ಜೊತೆಗಾರ ಡೊಮಾರ್ಸ್ಕಿಗೆ ಕೊಟ್ಟ, ಗೋಲ್‌ಕೀಪರ್ ಶಿಲ್ಟನ್ ಮೈ ಕೆಳಗಿಂದ ಗೋಲು. ಆಮೇಲೆ ಪೆನಾಲ್ಟಿಯಲ್ಲಿ ಒಂದು ವಾಪಸ್ ಬಂತು. 1-1. ಅಷ್ಟೇ, ಮುಗಿಯಿತು. ಕಾಲು ಕಚ್ಚುವವನು ಕಚ್ಚದೇ ಇದ್ದ ಒಂದು ದಿನ, ನೋಡಿ.

ಮತ್ತೆ ತಾತನ ಮಾತು ನಿಮ್ಮ ಸಾಲಿನಲ್ಲೇ ಇದೆ: 'ಅಪ್ಪ ಟಿವಿ ಆರಿಸಿ, ನಾಯಿ ಹಿಡಿದುಕೊಂಡು ಹೊರಗೆ ಹೋದರು. ವಾಪಸ್ ಬಂದು ಚಹಾ ಕುಡಿದು, ಪಾಪ ಕಣೋ ನಾರ್ಮನ್, ಅಂದರು.' ದೇಶವೇ ಬಯ್ಯುವಾಗ ಆ ಮನುಷ್ಯನ ಬಾಯಿಂದ ಬಂದದ್ದು 'ಪಾಪ'. ನಿಮ್ಮ ಲೇಖನ ಇಲ್ಲಿಂದ ಶುರುವಾಗಬೇಕು. ಮೊದಲ ಹತ್ತು ಪ್ಯಾರಾ ಬಿಟ್ಟರೂ ನಷ್ಟ ಇಲ್ಲ.

ಕೊನೆಗೆ ಬೇಕಾದರೆ 1972ರ ಮೆಟ್ಟಿಲಿಗೆ ಹೋಗಿ. ಅದೇ ಬ್ಯಾನರ್ ಹಾರಿದ ದಿನ ಲೀಡ್ಸ್ 1-0 ಗೆದ್ದಿತು. ಲೀಡ್ಸ್‌ನವನೇ ಆದ ಮಿಕ್ ಜೋನ್ಸ್ ಮೊಣಕೈ ಕೀಲು ತಪ್ಪಿ, ಪಟ್ಟಿ ಸುತ್ತಿಕೊಂಡು, ರಾಣಿಯ ಕೈಯಿಂದ ಪದಕ ತೆಗೆದುಕೊಳ್ಳಲು ಮೆಟ್ಟಿಲು ಹತ್ತಬೇಕಿತ್ತು. ಅವನಿಗೆ ಆಸರೆ ಕೊಟ್ಟವನು ಹಂಟರ್. ಇದನ್ನು ಹೇಳಿ ಸುಮ್ನೆ ನಿಲ್ಲಿಸಿ. ದಯವಿಟ್ಟು ಹಲಸಿನ ಹಣ್ಣು ಕೊಯ್ಯಬೇಡಿ.

ಒಂಬೈನೂರು ಪದ ಸಾಕು. ಮೂರು ವಾರದೊಳಗೆ ಕಳಿಸಿದರೆ ಮುಂದಿನ ಸಂಚಿಕೆಗೆ ಜಾಗ ಇಟ್ಟಿರುತ್ತೇನೆ. ಅಂದ ಹಾಗೆ, ಆ ಸ್ಕಾರ್ಫ್ ಬಣ್ಣ ಯಾವುದು ಅಂತ ನೀವು ಬರೆದೇ ಇಲ್ಲ. ಉಣ್ಣೆಯದೋ, ಅಂಗಡಿಯದೋ, ಮನೆಯಲ್ಲಿ ಹೆಣೆದದ್ದೋ ಅದೂ ಇಲ್ಲ. ತಾತ ಇನ್ನೂ ಗಟ್ಟಿಯಾಗಿದ್ದಾರೆ ಅಂದಿದ್ದೀರಿ ಅಲ್ವಾ? ಬಾಗಿಲು ತಟ್ಟಿ ಕೇಳಿ.