37 ವಾರಕ್ಕೇ 2 ಸೆಂಟಿಮೀಟರ್ ತೆರೆದಿದೆ ಅಂದರು, ಹೆರಿಗೆ ಯಾವಾಗ ಆಗಬಹುದು?

ನಿಮ್ಮ ಪ್ರಶ್ನೆ ಓದಿ ನನ್ನ ಚೊಚ್ಚಲ ಬಸಿರು ನೆನಪಾಯಿತು. ನಿಮಗೂ ಇದು ಮೊದಲನೆಯದು, 37 ವಾರ, ಮನೆ ಭಾಗಮಂಡಲದ ಹತ್ತಿರ. ಚೆಕಪ್‌ನಲ್ಲಿ ಗರ್ಭಕೋಶದ ಬಾಯಿ 2 ಸೆಂಟಿಮೀಟರ್ ತೆರೆದಿದೆ ಅಂದಿದ್ದಾರೆ, ನೋವು ಇಲ್ಲ. ಅತ್ತೆ ಇವತ್ತೇ ಅಡ್ಮಿಟ್ ಆಗು ಅನ್ನುತ್ತಿದ್ದಾರೆ. ನಾನು ಡಾಕ್ಟರ್ ಅಲ್ಲ, ಸೋಮವಾರಪೇಟೆ ಕಡೆಯವಳು, ಎರಡು ಮಕ್ಕಳ ತಾಯಿ. ಎರಡು ಸಲವೂ ಮಳೆಗಾಲದಲ್ಲೇ ಹೆತ್ತವಳು.

ಮೊದಲ ಸಲ ನನಗೂ 38 ವಾರದಲ್ಲಿ 2 ಸೆಂಟಿಮೀಟರ್ ಅಂದಿದ್ದರು. ಆವತ್ತು ರಾತ್ರಿಯೇ ಬ್ಯಾಗ್ ಬಾಗಿಲ ಹತ್ತಿರ ಬಂತು. ಹೆರಿಗೆ ಆಗಿದ್ದು 17 ದಿನ ಬಿಟ್ಟು. ಎರಡನೆಯ ಸಲ ಚೆಕಪ್‌ನಲ್ಲಿ ಬಾಯಿ ಇನ್ನೂ ಮುಚ್ಚಿದೆ ಅಂದರು. ಎರಡೇ ದಿನಕ್ಕೆ ಮಗು ಕೈಯಲ್ಲಿತ್ತು. ಅದಕ್ಕೇ ಹೇಳುತ್ತಿದ್ದೇನೆ, ಆ 2 ಅನ್ನುವ ಸಂಖ್ಯೆ ನೋಡಿ ದಿನ ಲೆಕ್ಕ ಹಾಕಬೇಡಿ. ಹಾಗೆ ತೆರೆದುಕೊಂಡೇ ವಾರಗಟ್ಟಲೆ ಓಡಾಡಿಕೊಂಡಿರುವವರು ಇದ್ದಾರೆ.

ಒಳಗೆ ಏನಾಗುತ್ತದೆ ಅಂತ ನನಗೆ ಒಬ್ಬ ನರ್ಸ್ ತಾಳ್ಮೆಯಿಂದ ಹೇಳಿಕೊಟ್ಟರು. ಗರ್ಭಕೋಶದ ಬಾಯಿ ಮೊದಲು ಮೂಗಿನ ತುದಿಯ ಹಾಗೆ ಗಟ್ಟಿ ಇರುತ್ತದೆ, ಹೆರಿಗೆ ಹತ್ತಿರ ಬಂದಾಗ ತುಟಿಯ ಹಾಗೆ ಮೆತ್ತಗಾಗುತ್ತದೆ. ಅದು 3-4 ಸೆಂಟಿಮೀಟರ್ ಉದ್ದದ ಕೊರಳು. ಮೆತ್ತಗಾಗುತ್ತಾ ಗಿಡ್ಡವಾಗುತ್ತದೆ, ತೆಳ್ಳಗಾಗುತ್ತದೆ. ಚೊಚ್ಚಲಿನಲ್ಲಿ ಸಾಮಾನ್ಯವಾಗಿ ಮೊದಲು ತೆಳ್ಳಗಾಗಿ ಆಮೇಲೆ ತೆರೆಯುತ್ತದೆ. ಎರಡನೆಯದರಲ್ಲಿ ಎರಡೂ ಒಟ್ಟಿಗೇ ಆಗಬಹುದು, ಬೇಗವೂ ಆಗಬಹುದು. ಪೂರ್ತಿ ತೆರೆದರೆ 10 ಸೆಂಟಿಮೀಟರ್. ಮೊದಲಿನ ಒಂದೆರಡು ಸೆಂಟಿಮೀಟರ್ ನೋವೇ ಇಲ್ಲದೆ ಆಗಬಹುದು. ವಿಶ್ವ ಆರೋಗ್ಯ ಸಂಸ್ಥೆ 2018ರಲ್ಲಿ ಜೋರು ಹೆರಿಗೆಯ ಹಂತ 5 ಸೆಂಟಿಮೀಟರಿನಿಂದ ಅಂತ ಹೇಳಿತು. ಗಂಟೆಗೆ 1 ಸೆಂಟಿಮೀಟರ್ ತೆರೆಯಲೇಬೇಕು ಅನ್ನುವ ಹಳೆಯ ಲೆಕ್ಕ ಎಲ್ಲರಿಗೂ ಹೊಂದುವುದಿಲ್ಲ ಅಂತಲೂ ಹೇಳಿತು. ನೀವು ಇನ್ನೂ ಅಷ್ಟು ದೂರ ಬಂದಿಲ್ಲ.

ಹಾಗಾದರೆ ಏನು ನೋಡಬೇಕು? ನೋವಿನ ಲಯ. ಸುಳ್ಳು ನೋವಿನಲ್ಲಿ ಹೊಟ್ಟೆ ಗಟ್ಟಿಯಾಗುತ್ತದೆ, ನೀರು ಕುಡಿದು ಮಗ್ಗುಲು ಬದಲಿಸಿದರೆ ಬಿಡುತ್ತದೆ. ನಮ್ಮ ಅಜ್ಜಿ ಜೀರಿಗೆ ಕಷಾಯ ಕೊಟ್ಟು ಕಾಯುತ್ತಿದ್ದುದು ಇದಕ್ಕೇ. ನಿಜವಾದ ನೋವು ಏನು ಕುಡಿದರೂ ಬಿಡುವುದಿಲ್ಲ. ತುಂಬಾ ಜನಕ್ಕೆ ಸೊಂಟದಿಂದ ಶುರುವಾಗಿ ಮುಂದಕ್ಕೆ ಸುತ್ತಿ ಬರುತ್ತದೆ, ಹೋಗುತ್ತದೆ, ಮತ್ತೆ ಬರುತ್ತದೆ. ಪ್ರತಿ ಸಲ ಸ್ವಲ್ಪ ಜಾಸ್ತಿ, ಸ್ವಲ್ಪ ಹತ್ತಿರ. ಲೋಳೆಯ ಜೊತೆ ಸ್ವಲ್ಪ ರಕ್ತ ಕಂಡರೆ ಹೆದರಬೇಡಿ, ಒಳಗೆ ಕೈ ಹಾಕಿ ನೋಡಿದ ಮಾರನೆಯ ದಿನವೂ ಸ್ವಲ್ಪ ಕಲೆ ಕಾಣಬಹುದು.

ಚೊಚ್ಚಲಿಗೆ 5 ನಿಮಿಷಕ್ಕೊಂದು ನೋವು, ಒಂದೊಂದೂ 1 ನಿಮಿಷ, ಹೀಗೆ 1 ಗಂಟೆ ನಡೆದರೆ ಹೊರಡಿ ಅನ್ನುತ್ತಾರೆ. ಆಸ್ಪತ್ರೆ ಪಕ್ಕದಲ್ಲೇ ಇರುವವರಿಗೆ ಅದು ಸರಿ. ನಿಮಗಲ್ಲ. ಜುಲೈ-ಆಗಸ್ಟ್‌ನ ಕಕ್ಕಡ ತಿಂಗಳ ಮಳೆಯಲ್ಲಿ ಭಾಗಮಂಡಲದ ಸಂಗಮದ ನೀರು ಏರಿದರೆ ನಾಪೋಕ್ಲು ಕಡೆಯ ರಸ್ತೆ ಮುಳುಗುತ್ತದೆ, ಮಡಿಕೇರಿ ದಾರಿಯಲ್ಲಿ ಮರವೋ ಮಣ್ಣೋ ಬೀಳುತ್ತದೆ. ನಿಮಗಿದು ನಾನು ಹೇಳಬೇಕಾಗಿಲ್ಲ. ನನ್ನ ಎರಡನೆಯ ಹೆರಿಗೆಯ ರಾತ್ರಿ 11ಕ್ಕೆ ನೋವು ಶುರುವಾಯಿತು, ಇನ್ನೂ ಸ್ವಲ್ಪ ನೋಡೋಣ ಅಂತ ನಾನೇ ತಡ ಮಾಡಿದೆ. ತಿರುವಿನಲ್ಲಿ ಸಿಲ್ವರ್ ಓಕ್ ಮರ ಅಡ್ಡ ಬಿದ್ದಿತ್ತು. ಪಕ್ಕದ ತೋಟದವರು ಮಳೆಯಲ್ಲೇ ಬಂದು ಗರಗಸದಲ್ಲಿ ಕತ್ತರಿಸಿದರು. ಜೀಪಿನಲ್ಲಿ ಕುಳಿತು ಕಾದ ಆ 1 ಗಂಟೆಯನ್ನು ಇವತ್ತಿಗೂ ಮರೆತಿಲ್ಲ. ಆಸ್ಪತ್ರೆ ತಲುಪಿದಾಗ 7 ಸೆಂಟಿಮೀಟರ್ ಆಗಿತ್ತು. ಆದ್ದರಿಂದ ನೀವು 10 ನಿಮಿಷಕ್ಕೊಂದು ನೋವು ತಪ್ಪದೆ ಬರತೊಡಗಿದರೆ ಹೊರಟುಬಿಡಿ. ಸುಳ್ಳು ನೋವಾಗಿ ವಾಪಸ್ ಬಂದರೂ ಪರವಾಗಿಲ್ಲ.

ಕೆಲವಕ್ಕೆ ನೋವಿಗಾಗಿ ಕಾಯಲೇಬಾರದು. ಮಗುವಿನ ಸುತ್ತಲಿನ ನೀರು ಹೋದರೆ ಹೊರಡಿ, ಎಷ್ಟು ಗಂಟೆಗೆ ಹೋಯಿತು, ಬಣ್ಣ ಏನು ಅಂತ ನೆನಪಿಡಿ. ಹಸಿರು ಬಣ್ಣವಿದ್ದರೆ ಇನ್ನೂ ಬೇಗ. ಮುಟ್ಟಿನ ಹಾಗೆ ಕೆಂಪು ರಕ್ತ ಹೋದರೆ, ತಲೆ ಸಿಡಿದು ಕಣ್ಣು ಮಂಜಾದರೆ, ಮಗುವಿನ ಆಟ ಕಡಿಮೆಯಾದರೆ ಒಂದು ನಿಮಿಷವೂ ಮನೆಯಲ್ಲಿ ಇರಬೇಡಿ. ಹೆರಿಗೆಯ ದಿನ ಬಂತು ಅಂತ ಮಗು ಆಡುವುದು ನಿಲ್ಲಿಸುತ್ತದೆ ಅನ್ನುವುದು ತಪ್ಪು. ಹೆರಿಗೆ ಬೇಗ ಆಗಲಿ ಅಂತ ಯಾರಾದರೂ ಹರಳೆಣ್ಣೆ ಕೊಟ್ಟರೆ ಡಾಕ್ಟರನ್ನು ಕೇಳದೆ ಕುಡಿಯಬೇಡಿ.

ಅತ್ತೆಯ ಭಯ ಸುಮ್ನೆ ಅಲ್ಲ, ಅವರು ಯೋಚಿಸುತ್ತಿರುವುದು ರಸ್ತೆಯನ್ನು ಅಲ್ವಾ? ಅಡ್ಮಿಟ್ ಬದಲು ಮಡಿಕೇರಿಯಲ್ಲಿ ನೆಂಟರ ಮನೆ ಇದ್ದರೆ 38 ವಾರದಿಂದ ಅಲ್ಲೇ ಇರಿ. ಇಲ್ಲದಿದ್ದರೆ ರಾತ್ರಿ ಕರೆದರೂ ಬರುವ ಜೀಪಿನವರನ್ನು ಇವತ್ತೇ ಮಾತಾಡಿಸಿಡಿ. 108 ಉಚಿತ, ಆದರೆ ಮಳೆಯಲ್ಲಿ ನೆಟ್‌ವರ್ಕ್ ಹೋದರೆ ಕರೆ ಹೋಗುವುದಿಲ್ಲ, ಆಶಾ ಕಾರ್ಯಕರ್ತೆಗೂ ಮೊದಲೇ ಹೇಳಿರಿ. ತಾಯಿ ಕಾರ್ಡ್, ಸ್ಕ್ಯಾನಿಂಗ್ ರಿಪೋರ್ಟ್ ಪ್ಲಾಸ್ಟಿಕ್ ಕವರಿನಲ್ಲಿ ಹಾಕಿಡಿ. ಮುಂದಿನ ಚೆಕಪ್‌ನಲ್ಲಿ ಎಷ್ಟು ಸೆಂಟಿಮೀಟರ್ ಅಂತ ಮಾತ್ರ ಕೇಳಬೇಡಿ. ಕೊರಳು ತೆಳ್ಳಗಾಗಿದೆಯಾ, ಮಗುವಿನ ತಲೆ ಇಳಿದಿದೆಯಾ, ನಮ್ಮ ಮನೆ ಇಷ್ಟು ದೂರ, ಯಾವಾಗ ಬಂದುಬಿಡಲಿ ಅಂತ ಕೇಳಿ.