ಕಂಪ್ಯೂಟರ್‌ನಲ್ಲಿ ಮಕ್ಕಳು ಒಟ್ಟಿಗೆ ಕಲಿಯುವುದನ್ನು ಅಧ್ಯಯನ ಮಾಡುವವರು ನಿಜವಾಗಿ ಏನನ್ನು ನೋಡುತ್ತಾರೆ?

ಒಬ್ಬರ ವಿಚಾರ ಇನ್ನೊಬ್ಬರ ಕೈಗೆ ಸಿಕ್ಕಾಗ ಹೇಗೆ ಬೆಳೆಯುತ್ತದೆ ಎಂಬುದನ್ನು. ಯಾರಿಗೆ ಎಷ್ಟು ಅಂಕ ಬಂತೆನ್ನುವುದು ಅವರಿಗೆ ಆಮೇಲಿನ ಮಾತು.

ಕಲಬುರಗಿಯ ಒಂದು ತರಗತಿಯನ್ನೇ ಊಹಿಸಿಕೊಳ್ಳಿ. ಪ್ರಶ್ನೆ: ಹಸಿರಾಗಿದ್ದ ತೊಗರಿ ಗಿಡ ಹೂ ಬಿಡುವ ಹೊತ್ತಿಗೆ ಯಾಕೆ ಬಾಡುತ್ತದೆ? ಒಬ್ಬಳು ‘ನೀರು ಸಾಲದು’ ಎಂದು ಬರೆಯುತ್ತಾಳೆ. ಇನ್ನೊಬ್ಬ ಸೀಳಿದ ಕಾಂಡದ ಫೋಟೊ ಹಾಕುತ್ತಾನೆ, ಒಳಗೆ ಕಪ್ಪು ಗೆರೆ. ‘ನಮ್ಮ ಹೊಲದಾಗ ಹಸಿ ಇದ್ದರೂ ಬಾಡೇದಲ್ಲ?’ ಎಂದು ಮೂರನೆಯವಳು ಕೇಳುತ್ತಾಳೆ. ಹಾಗೆ ಮಾತು ನೆಟೆ ರೋಗಕ್ಕೆ ಬರುತ್ತದೆ. ಮಣ್ಣಿನ ಶಿಲೀಂಧ್ರ ಬೇರಿನಿಂದ ಹೊಕ್ಕು ನೀರಿನ ನಾಳವನ್ನೇ ಮುಚ್ಚಿಬಿಡುತ್ತದೆ. ಮೊದಲ ಹುಡುಗಿಯ ಮಾತು ಅರ್ಧ ನಿಜ: ನೀರು ನೆಲದಲ್ಲಿತ್ತು, ಎಲೆಗೆ ಏರಲಿಲ್ಲ.

ಬಾಯಿಮಾತು ಆಡಿದ ಕೂಡಲೇ ಹೋಗುತ್ತದೆ. ಎಲ್ಲರಿಗೂ ಕಾಣುವ ಪರದೆಯ ಮೇಲೆ ಬರೆದದ್ದು ಉಳಿಯುತ್ತದೆ, ವಾರದ ನಂತರವೂ ಅದನ್ನು ತಿದ್ದಬಹುದು, ಮುಂದುವರಿಸಬಹುದು. ಯಾರ ಮಾತಿನಿಂದ ಚರ್ಚೆ ತಿರುಗಿತೆಂದು ಸಂಶೋಧಕರಿಗೂ ಅಲ್ಲೇ ಕಾಣುತ್ತದೆ. ಕೆನಡಾದ ಟೊರೊಂಟೊದ ಶಿಕ್ಷಣ ಸಂಶೋಧಕರಾದ ಮಾರ್ಲೀನ್ ಸ್ಕಾರ್ಡಮಾಲಿಯಾ ಮತ್ತು ಕಾರ್ಲ್ ಬೆರೈಟರ್ 1980ರ ದಶಕದಲ್ಲೇ ಶಾಲೆಗಳಿಗೆ ಇಂಥ ತಂತ್ರಾಂಶ ರೂಪಿಸಿದ್ದರು. ಬರೀ ಟ್ಯಾಬ್ ಹಂಚಿದರೆ ಇದು ಆಗದು. ಮಾಸ್ತರರು ಸರಿ ಉತ್ತರ ಮೊದಲೇ ಹೇಳಿಬಿಟ್ಟರೆ ಮಕ್ಕಳಿಗೆ ಬರೆಯಲು ಏನೂ ಉಳಿಯುವುದಿಲ್ಲ.