‘ನಾನು ಬೈಪೋಲಾರ್’ ಎನ್ನಬೇಕೋ, ‘ನನಗೆ ಬೈಪೋಲಾರ್ ಇದೆ’ ಎನ್ನಬೇಕೋ?

ವೈದ್ಯರು ಈಚೆಗೆ ನಿಮಗೆ ಬೈಪೋಲಾರ್, ಅಂದರೆ ಮನಸ್ಸು ಕೆಲವು ಕಾಲ ಉನ್ಮಾದಕ್ಕೆ ಏರಿ ಕೆಲವು ಕಾಲ ಖಿನ್ನತೆಗೆ ಕುಸಿಯುವ ಕಾಯಿಲೆ, ಎಂದು ಹೇಳಿದ್ದಾರೆ. ಗೆಳೆಯರ ಮುಂದೆ ನೀವು ‘ನಾನು ಬೈಪೋಲಾರ್’ ಅಂದಾಗ ಒಬ್ಬರು ‘ಹಾಗನ್ನಬಾರದು, ನನಗೆ ಬೈಪೋಲಾರ್ ಇದೆ ಅನ್ನಬೇಕು’ ಎಂದು ತಿದ್ದಿದರು. ಯಾವುದು ಸರಿ, ಮನೆಯವರಿಗೆ ಮತ್ತು ಕೆಲಸದ ಜಾಗದಲ್ಲಿ ಏನಂತ ಹೇಳಲಿ ಎಂದು ಕೇಳಿದ್ದೀರಿ. ನನಗೂ ಇದೇ ಕಾಯಿಲೆ, ಬಹಳ ವರ್ಷಗಳಿಂದ ಇದೆ. ಹಾಗಾಗಿ ನನಗೆ ತಿಳಿದಷ್ಟು ಬರೆಯುತ್ತಿದ್ದೇನೆ.

ನಿಮ್ಮ ಬಗ್ಗೆ ನೀವು ಹೇಗೆ ಹೇಳಿಕೊಳ್ಳುತ್ತೀರಿ ಅನ್ನುವುದನ್ನು ತಿದ್ದುವ ಹಕ್ಕು ಯಾರಿಗೂ ಇಲ್ಲ. ನಿಮ್ಮ ಗೆಳೆಯರು ಹೇಳಿದ ನಿಯಮದ ಹಿಂದೆ ಒಳ್ಳೆಯ ಉದ್ದೇಶವೇ ಇದೆ: ಕಾಯಿಲೆಗಿಂತ ಮನುಷ್ಯ ದೊಡ್ಡವನು, ಅವನನ್ನು ಕಾಯಿಲೆಯ ಹೆಸರಿಂದ ಗುರುತಿಸಬಾರದು. ಇನ್ನೊಬ್ಬರ ಬಗ್ಗೆ ಮಾತಾಡುವಾಗ ನಾನೂ ಅದನ್ನು ಪಾಲಿಸುತ್ತೇನೆ. ಆದರೆ ಅದು ಬೇರೆಯವರ ನಾಲಿಗೆಗೆ ಹಾಕಿದ ಕಡಿವಾಣ, ಕಾಯಿಲೆ ಅನುಭವಿಸುವವರಿಗೆ ಹಾಕಿದ್ದಲ್ಲ. ಆಟಿಸಂ ಇರುವ ಎಷ್ಟೋ ಜನ ತಮ್ಮನ್ನು ‘ಆಟಿಸ್ಟಿಕ್’ ಎಂದೇ ಕರೆದುಕೊಳ್ಳಲು ಇಷ್ಟಪಡುತ್ತಾರೆ. ನಮ್ಮ ಕಾಯಿಲೆಯನ್ನೇ ತೆಗೆದುಕೊಳ್ಳಿ. 1980ರಲ್ಲಿ ಅಮೆರಿಕದ ಮನೋವೈದ್ಯರ ಸಂಘ ಮನೋರೋಗಗಳನ್ನು ಗುರುತಿಸುವ ತನ್ನ ಕೈಪಿಡಿಯ ಮೂರನೇ ಆವೃತ್ತಿಯಲ್ಲಿ ‘ಮ್ಯಾನಿಕ್-ಡಿಪ್ರೆಸಿವ್’ ಎಂಬ ಹಳೆಯ ಹೆಸರನ್ನು ಬಿಟ್ಟು ‘ಬೈಪೋಲಾರ್’ ಎಂದು ಬರೆಯಿತು. ಈ ಕಾಯಿಲೆಯ ಬಗ್ಗೆಯೇ ಜೀವಮಾನವಿಡೀ ಅಧ್ಯಯನ ಮಾಡಿದ, ತಮಗೂ ಅದು ಇದೆಯೆಂದು ಬಹಿರಂಗವಾಗಿ ಹೇಳಿಕೊಂಡ ಮನಶ್ಶಾಸ್ತ್ರಜ್ಞೆ ಕೇ ರೆಡ್‌ಫೀಲ್ಡ್ ಜೇಮಿಸನ್ ಅವರಿಗೆ ಹಳೆಯ ಹೆಸರೇ ಇಷ್ಟ. ಹೊಸದು ಕಾಯಿಲೆಯ ತೀವ್ರತೆಯನ್ನು ಮರೆಮಾಚುತ್ತದೆ ಅನ್ನುವುದು ಅವರ ಅಭಿಪ್ರಾಯ. ಅವರನ್ನು ಯಾರು ತಿದ್ದುತ್ತಾರೆ?

ಹಾಗಂತ ಹೆಸರಲ್ಲೇನಿದೆ ಅನ್ನುವವನು ನಾನಲ್ಲ. ಜಪಾನಿನಲ್ಲಿ ಸ್ಕಿಜೋಫ್ರೀನಿಯಾ ಎಂಬ ಮನೋರೋಗಕ್ಕೆ ‘ಮನಸ್ಸು ಒಡೆದ ಕಾಯಿಲೆ’ ಎಂಬರ್ಥದ ಹೆಸರಿತ್ತು. ರೋಗಿಗಳ ಮನೆಯವರೇ ಪಟ್ಟು ಹಿಡಿದು ಕೇಳಿಕೊಂಡ ಮೇಲೆ 2002ರಲ್ಲಿ ಅಲ್ಲಿನ ಮನೋವೈದ್ಯರು ಅದನ್ನು ಬದಲಿಸಿದರು. ಅಲ್ಲಿಯವರೆಗೆ ಎಷ್ಟೋ ವೈದ್ಯರು ರೋಗಿಗೆ ಅವನ ಕಾಯಿಲೆ ಯಾವುದೆಂದೇ ಹೇಳುತ್ತಿರಲಿಲ್ಲ. ಹೆಸರು ಬದಲಾದ ಮೇಲೆ ಹೇಳುವವರು ಹೆಚ್ಚಾದರು. ತನ್ನ ಕಾಯಿಲೆ ಏನೆಂದು ತಿಳಿಯದೆ ಮಾತ್ರೆ ನುಂಗುವುದು ಎಂಥ ಒಂಟಿತನ ಅಂತ ನಿಮಗೆ ನಾನು ಹೇಳಬೇಕಾಗಿಲ್ಲ.

ಆದರೆ ನಿಜವಾಗಿ ಚಿಂತಿಸಬೇಕಾದ್ದು ‘ನಾನು’, ‘ನನಗೆ’ ಎಂಬ ವ್ಯತ್ಯಾಸದ ಬಗ್ಗೆ ಅಲ್ಲ. ನಮ್ಮ ಸ್ಥಿತಿಯ ಯಾವ ಭಾಗವನ್ನು ನಾವು ಕಾಯಿಲೆ ಅನ್ನುತ್ತೇವೆ, ಯಾವುದನ್ನು ಅನ್ನುವುದಿಲ್ಲ ಎಂಬುದರ ಬಗ್ಗೆ. ಖಿನ್ನತೆಯ ದಿನಗಳನ್ನು ನಾವು ಕಾಯಿಲೆ ಅನ್ನುತ್ತೇವೆ. ನಿದ್ದೆಯೇ ಬೇಡವಾಗಿ, ಮಾತು ನಿಲ್ಲದೆ, ದುಡ್ಡು ನೀರಿನಂತೆ ಹರಿದ ದಿನಗಳನ್ನು ‘ಆಗ ಚೆನ್ನಾಗಿದ್ದೆ’ ಅನ್ನುತ್ತೇವೆ. ವೈದ್ಯರ ಹತ್ತಿರ ಹೋಗುವುದೂ ಕುಸಿದಾಗಲೇ. ಅವರ ಕಿವಿಗೆ ಅರ್ಧ ಕಥೆ ಮಾತ್ರ ಬೀಳುತ್ತದೆ, ಬರೀ ಖಿನ್ನತೆ ಅಂದುಕೊಂಡು ಔಷಧಿ ಬರೆಯುತ್ತಾರೆ. ಬೈಪೋಲಾರ್ ಇರುವವರಿಗೆ ಖಿನ್ನತೆಯ ಮಾತ್ರೆಯೊಂದನ್ನೇ ಕೊಟ್ಟರೆ ಕೆಲವರಲ್ಲಿ ಉನ್ಮಾದ ಏರಿಬಿಡಬಹುದು. ‘ಚೆನ್ನಾಗಿದ್ದೆ’ ಅನ್ನುವ ಸಾದಾ ಮಾತಿಗೆ ಇಷ್ಟು ಬೆಲೆ ತೆರಬೇಕಾಗುತ್ತದೆ.

ಹಾಗಾಗಿ ವೈದ್ಯರ ಮುಂದೆ ಹೆಸರುಗಳನ್ನು ಪಕ್ಕಕ್ಕಿಡಿ. ‘ಡಿಪ್ರೆಷನ್ ಜಾಸ್ತಿ ಆಗಿದೆ’ ಅನ್ನುವ ಬದಲು ‘ಹಾಸಿಗೆಯಿಂದ ಏಳೋಕೆ ಆಗ್ತಿಲ್ಲ, ಸ್ನಾನ ಮಾಡಬೇಕು ಅಂದ್ರೂ ಬೆಟ್ಟ ಹತ್ತಿದ ಹಾಗೆ ಆಗುತ್ತೆ, ಹೋದ ತಿಂಗಳ ಕೊನೆಯಿಂದ ಹೀಗೇ ಇದೆ’ ಎನ್ನಿ. ಎಷ್ಟು ಹೊತ್ತು ಮಲಗಿದಿರಿ, ಕಡಿಮೆ ಮಲಗಿಯೂ ಸುಸ್ತಾಗಲಿಲ್ಲವೇ, ಎಂದಿನಿಂದ ಶುರುವಾಯಿತು ಅನ್ನುವುದನ್ನು ತಪ್ಪದೆ ಹೇಳಿ. ಅವರ ಲೆಕ್ಕಾಚಾರದಲ್ಲಿ ದಿನಗಳು ಮುಖ್ಯ: ಉನ್ಮಾದ ಎನ್ನಲು ಸಾಮಾನ್ಯವಾಗಿ ಕನಿಷ್ಠ 7 ದಿನ, ಅದರ ಸೌಮ್ಯ ರೂಪಕ್ಕೆ 4 ದಿನ, ಖಿನ್ನತೆಗೆ 2 ವಾರ ಲಕ್ಷಣಗಳು ಇರಬೇಕು. ನಾನು ಒಂದು ಚಿಕ್ಕ ಪುಸ್ತಕದಲ್ಲಿ ನಿದ್ದೆಯ ಹೊತ್ತು ಮತ್ತು ಒಂದೇ ಒಂದು ಸಾಲು ಬರೆದಿಡುತ್ತೇನೆ. ‘ಫೋನ್ ಎತ್ತಲಿಲ್ಲ.’ ‘ಎಲ್ಲರೂ ನಿಧಾನ ಅನ್ನಿಸಿತು.’ ಈ ಎರಡನೆಯ ಸಾಲು ಬರೆದ ವಾರ ನನ್ನ ತಂಗಿ ನನಗಿಂತ ಮೊದಲೇ ವೈದ್ಯರಿಗೆ ಫೋನ್ ಮಾಡಿರುತ್ತಾಳೆ. ಯಾಕೆಂದರೆ ಆ ಮಾತು ನನ್ನ ಬಾಯಿಂದ ಬಂದರೆ ಉನ್ಮಾದ ಏರುತ್ತಿದೆ ಎಂದು ಅವಳಿಗೆ ಚೆನ್ನಾಗಿ ಗೊತ್ತು.

ಮನೆಯವರಿಗೆ ಹೇಳುವ ವಿಷಯವೂ ಇಲ್ಲೇ ಬರುತ್ತದೆ. ಸ್ಥಿತಿ ಕೆಟ್ಟಷ್ಟೂ ನಮ್ಮ ಮಾತು ಚಿಕ್ಕದಾಗುತ್ತದೆ. ಸ್ವಲ್ಪ ಬೇಸರವಿದ್ದಾಗ ಗಂಟೆಗಟ್ಟಲೆ ವಿವರಿಸುವ ನಾವು ತಳಕ್ಕೆ ಇಳಿದಾಗ ‘ಏನಿಲ್ಲ, ಸ್ವಲ್ಪ ಸುಸ್ತು’ ಅಂದು ಗೋಡೆ ಕಡೆ ತಿರುಗಿ ಮಲಗುತ್ತೇವೆ. ಕೇಳಿದವರು ಅದನ್ನು ನಿಜವೆಂದೇ ನಂಬುತ್ತಾರೆ. ಅದಕ್ಕೇ ನೆಮ್ಮದಿಯಾಗಿರುವ ದಿನಗಳಲ್ಲೇ ನಂಬಿಕೆಯ ಒಬ್ಬರ ಜೊತೆ ಕೂತು ನಿಮ್ಮ ಮಾತುಗಳ ನಿಜವಾದ ತೂಕ ಹೇಳಿಬಿಡಿ. ‘ನಾನು ಸುಸ್ತು ಅಂದರೆ ಇದು, ತಲೆ ಓಡ್ತಿಲ್ಲ ಅಂದರೆ ಇದು, ಮೆಸೇಜಿಗೆ ಬರೀ ಹೂಂ ಅಂತ ಬಂದರೆ ಮನೆಗೇ ಬಾ.’ ಕಾಯಿಲೆಯ ಹೆಸರು ನಿಮ್ಮ ತಾಯಿಗೆ ಹೆದರಿಕೆ ಹುಟ್ಟಿಸಿದರೆ ‘ಮನಸ್ಸಿಗೆ ಹುಷಾರಿಲ್ಲಮ್ಮ, ಔಷಧಿ ತಗೊಳ್ತಿದ್ದೀನಿ’ ಎಂದರೂ ಆಯಿತು, ಅದು ಸುಳ್ಳಲ್ಲ. ಜಿಂಬಾಬ್ವೆಯಲ್ಲಿ ಮನೋವೈದ್ಯ ಡಿಕ್ಸನ್ ಚಿಬಾಂಡ ಅವರು ತರಬೇತಿ ಕೊಟ್ಟ ಅಜ್ಜಿಯರು ಬೆಂಚಿನ ಮೇಲೆ ಜನರ ಪಕ್ಕ ಕೂತು ಕಷ್ಟ ಕೇಳುತ್ತಾರೆ. ಅವರು ಖಿನ್ನತೆ ಎಂಬ ವೈದ್ಯರ ಮಾತು ಬಳಸುವುದಿಲ್ಲ, ‘ಅತಿಯಾಗಿ ಯೋಚಿಸುವುದು’ ಎಂಬ ಅರ್ಥದ ಊರ ಮಾತನ್ನೇ ಬಳಸುತ್ತಾರೆ. ಹಾಗೆ ಮಾತಾಡಿದ ಜನರಲ್ಲಿ ಲಕ್ಷಣಗಳು ತಗ್ಗಿದ್ದು 2016ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಕಂಡುಬಂದಿದೆ.

ಒಂದೇ ಒಂದು ವಿಷಯದಲ್ಲಿ ಮಾತ್ರ ಮೆತ್ತಗಿನ ಮಾತು ಬೇಡ. ‘ಸಾಕಾಗಿದೆ’, ‘ಎಲ್ಲಾದರೂ ದೂರ ಹೋಗಬೇಕು’ ಅಂದರೆ ಕೇಳಿದವರು ರಜೆ ಬೇಕೇನೋ ಅಂದುಕೊಳ್ಳುತ್ತಾರೆ. ಸಾಯಬೇಕು ಅನ್ನಿಸುತ್ತಿದ್ದರೆ ‘ನನಗೆ ಸಾಯಬೇಕು ಅನ್ನಿಸ್ತಿದೆ, ಒಬ್ಬನನ್ನೇ ಬಿಡಬೇಡಿ’ ಎಂದು ಅದೇ ಪದಗಳಲ್ಲಿ, ಆ ಹೊತ್ತಿಗೇ, ಹತ್ತಿರ ಇರುವವರಿಗೆ ಅಥವಾ ವೈದ್ಯರಿಗೆ ಹೇಳಿ. ನಿಮ್ಮ ಮನೆಯವರಿಗೂ ಹೇಳಿಡಿ: ಅನುಮಾನ ಬಂದರೆ ನೇರವಾಗಿ ಕೇಳಬಹುದು. ಕೇಳುವುದರಿಂದ ಆ ಯೋಚನೆ ಹುಟ್ಟುವುದಿಲ್ಲ, ಎಷ್ಟೋ ಸಲ ಹೇಳಿಕೊಳ್ಳಲು ದಾರಿ ಸಿಗುತ್ತದೆ.

ಕೆಲಸದ ಜಾಗದ್ದು ಸುಲಭ. ಅಲ್ಲಿ ಹೇಳಬೇಕಾದ್ದು ಕಾಯಿಲೆಯ ಹೆಸರಲ್ಲ, ನಿಮಗೆ ಬೇಕಾದ ಅನುಕೂಲ. ನಿದ್ದೆ ತಪ್ಪಿದರೆ ನಮ್ಮ ಕಾಯಿಲೆ ಕೆರಳುತ್ತದೆ, ಹಾಗಾಗಿ ನಾನು ಕೇಳಿಕೊಂಡಿದ್ದು ಇಷ್ಟೇ: ‘ನನಗೆ ಒಂದು ಆರೋಗ್ಯದ ಸಮಸ್ಯೆ ಇದೆ, ಚಿಕಿತ್ಸೆ ನಡೀತಿದೆ, ರಾತ್ರಿ ಪಾಳಿ ಮಾಡೋಕಾಗಲ್ಲ, ವೈದ್ಯರ ಚೀಟಿ ತರ್ತೀನಿ.’ ಏನು ಸಮಸ್ಯೆ ಅಂತ ಕೇಳಿದರೆ ಹೇಳುವುದೋ ಬಿಡುವುದೋ, ಕೇಳಿದವರು ಎಂಥವರು ಅಂತ ನೋಡಿಕೊಂಡು ನೀವೇ ತೀರ್ಮಾನಿಸಿ. ನಾನು ಇಬ್ಬರಿಗೆ ಮಾತ್ರ ಹೇಳಿದ್ದೇನೆ.